ಎಂಟೂಕಾಲರ ಬಸ್ಸಿನ ಬುತ್ತಿ

“ಏ ಕಲೆಕ್ಟರ್ ಬಾಯಿ, ಬುತ್ತಿ ತಾರವಾ! ನಿನ್ನ ಸಲುವಾಗಿ ಬಸ್ ನಿಂತೈತಿ!”

ಕಂಡಕ್ಟರ್ ತಿರಕಪ್ಪ ಬಸ್ಸಿನ ಬಾಗಿಲಲ್ಲಿ ನಿಂತು ಕೈ ಚಾಚಿದ. ಮುಂಡರಗಿಯಿಂದ ಗದಗಿಗೆ ಹೋಗುವ ಎಂಟೂಕಾಲರ ಬಸ್ಸು ಗುರ್ ಗುರ್ ಅನ್ನುತ್ತಿತ್ತು. ವಿದ್ಯಾಶ್ರೀ ಮುಂದೆ ಬರುವ ಬದಲು ಎರಡು ಹೆಜ್ಜೆ ಹಿಂದೆ ಸರಿದಳು.

“ಇವತ್ತ ಬುತ್ತಿ ಇಲ್ರಿ,” ಅಂದಳು.

“ಯಾಕ? ನಿಮ್ಮಪ್ಪ ಸೂಟಿ ಹಾಕ್ಯಾನೇನು?”

“ಹ್ಞೂಂ... ಅಲ್ಲ... ಇಲ್ರಿ. ಬುತ್ತಿ ಇಲ್ಲ, ಅಷ್ಟ.”

“ಇದ್ಯಾವ ನಮೂನಿ ಉತ್ತರವಾ?” ತಿರಕಪ್ಪ ನಕ್ಕ. ಡ್ರೈವರ್ ಬೀರಲಿಂಗಪ್ಪ ಹಾರ್ನ್ ಹೊಡೆದ. ಸೀಟಿ ಕೇಳಿಸಿತು. ಬಸ್ಸು ಹೊರಟೇ ಹೋಯಿತು.

ಆ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ದಿನಾ ನಾಲ್ಕೈದು ಬುತ್ತಿ ಗಂಟುಗಳು ಕೂತಿರುತ್ತವೆ. ಗದಗಿನಲ್ಲಿ ರೂಮು ಮಾಡಿಕೊಂಡು ಕಾಲೇಜು ಓದುವ ಹುಡುಗರಿಗೆ ಅವರವರ ಅವ್ವಂದಿರು ಕಳಿಸುವ ರೊಟ್ಟಿ ಬುತ್ತಿ. ಚೀಟಿಯಿಲ್ಲ, ಹೆಸರಿಲ್ಲ. ಯಾವ ಗಂಟು ಯಾರದು ಅಂತ ತಿರಕಪ್ಪನಿಗೆ ಬಟ್ಟೆ ನೋಡಿಯೇ ಗೊತ್ತು. ವಿದ್ಯಾಳದು ಕೆಂಪು ಚೌಕಳಿ ಬಟ್ಟೆ. “ಊರೆಲ್ಲಾ ಮಕ್ಕಳಿಗೆ ಬುತ್ತಿ ಕಳಸ್ತೈತಿ. ನೀ ಒಬ್ಬಾಕಿ ಅಪ್ಪಗ ಕಳಸ್ತಿ ನೋಡು!” ಅಂತ ಅವನು ದಿನಾ ಚೇಷ್ಟೆ ಮಾಡುತ್ತಿದ್ದ.

ಇವತ್ತು ಆ ಕೆಂಪು ಚೌಕಳಿ ಗಂಟು ವಿದ್ಯಾಳ ಸ್ಕೂಲ್ ಬ್ಯಾಗಿನಲ್ಲಿ, ಗಣಿತದ ಪುಸ್ತಕದ ಮೇಲೆ, ಇನ್ನೂ ಬೆಚ್ಚಗೆ ಕೂತಿತ್ತು. ಮರೆತದ್ದಲ್ಲ. ಬೇಕಂತಲೇ ಮಾಡಿದ್ದಳು.

ಆರು ತಿಂಗಳ ಹಿಂದೆ ಅವರು ಗದಗಿಗೆ ಅಂಟಿಕೊಂಡೇ ಇರುವ ಬೆಟಗೇರಿಯಲ್ಲಿದ್ದರು. ಬಾಡಿಗೆ ಮನೆ. ಒಂದಲ್ಲ, ಆರು ವರ್ಷದಲ್ಲಿ ನಾಲ್ಕು! ಒಬ್ಬ ಮಾಲಕರಿಗೆ ಮಗನ ಮದುವೆ ಇತ್ತು, ಮನೆ ಬಿಡಿ ಅಂದರು. ಇನ್ನೊಬ್ಬರಿಗೆ ಬಾಡಿಗೆ ಸಾಲದು. ಮತ್ತೊಬ್ಬರಿಗೆ ವಿದ್ಯಾ ಗೋಡೆಗೆ ಮೊಳೆ ಹೊಡೆದದ್ದೇ ಸಿಟ್ಟು. ತಾನು ಬರೆದ ನವಿಲಿನ ಚಿತ್ರ ತೂಗುಹಾಕಲು ಒಂದೇ ಒಂದು ಮೊಳೆ ಹೊಡೆದಿದ್ದಳು. “ಗ್ವಾಡಿ ನಿಮ್ಮಪ್ಪಂದೇನ?” ಅಂತ ಕೇಳಿಬಿಟ್ಟರು. ಸಣ್ಣ ಹುಡುಗಿಗೆ ಕೇಳುವ ಮಾತೇ ಅದು? ಆ ದಿನ ಅಪ್ಪ ಊಟ ಮಾಡಲಿಲ್ಲ.

ಅಪ್ಪ ಸೋಮೇಶ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವವನು. ಗದಗು ಬೆಟಗೇರಿಯಲ್ಲಿ ಸ್ವಂತ ಮನೆ ಅನ್ನುವುದು ಅವನ ಕೈಗೆ ಎಟುಕುವಂತಿರಲಿಲ್ಲ. ಮುಳಗುಂದ ನೋಡಿದ, ಶಿರಹಟ್ಟಿ ನೋಡಿದ, ಲಕ್ಷ್ಮೇಶ್ವರ ನೋಡಿದ. ಕಡೆಗೆ ಮುಂಡರಗಿಯ ಅಂಚಿನಲ್ಲಿ, ಕಪ್ಪತಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ದೊಡ್ಡ ಫ್ಯಾನುಗಳು ಕಾಣುವ ಕಡೆ, ಒಂದು ಖೋಲಿ, ಒಂದು ಅಡುಗೆಮನೆ ಇರುವ ಪುಟ್ಟ ಮನೆ ಸಿಕ್ಕಿತು. ಬೆಟಗೇರಿಯಲ್ಲಿ ಬಚ್ಚಲೂ ಬಾರದ ರೊಕ್ಕಕ್ಕೆ ಇಲ್ಲಿ ಇಡೀ ಮನೆ! ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಅಪ್ಪ ಕಟ್ಟಲಿಲ್ಲ, ಕಟ್ಟಿದ್ದನ್ನೇ ಕೊಂಡ. ಆದರೂ ಕಿವಿಯ ಹತ್ತಿರದ ಕೂದಲು ಬೆಳ್ಳಗಾದವು.

ಹಾಲು ಉಕ್ಕಿಸಿದ ದಿನ ಅಪ್ಪ ವಿದ್ಯಾಳ ಕೈಗೆ ಒಂದು ಸುತ್ತಿಗೆ ಕೊಟ್ಟ. ಹಿಡಿ ತುಂಬ ಮೊಳೆ ಕೊಟ್ಟ.

“ಹೊಡಿ ವಿದ್ಯವ್ವಾ! ಎಲ್ಲಿ ಬೇಕಲ್ಲಿ ಹೊಡಿ. ಯಾವಂವ ಕೇಳ್ತಾನ ನೋಡೂಣು!”

ವಿದ್ಯಾ ಏಳು ಮೊಳೆ ಹೊಡೆದಳು. ಒಂದು ನವಿಲಿಗೆ, ಒಂದು ಕ್ಯಾಲೆಂಡರಿಗೆ. ಉಳಿದ ಐದು ಯಾತಕ್ಕೂ ಅಲ್ಲ, ಸುಮ್ಮನೆ ಖುಷಿಗೆ. “ಸಾಕ್ರೋ ಯಪ್ಪಾ, ಗ್ವಾಡಿ ಬಿದ್ದೀತು!” ಅಂತ ಅವ್ವ ಅನ್ನಪೂರ್ಣ ಕೂಗಿದರೆ, ಅಪ್ಪ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಸೋಮವಾರ ಬಂತು.

ಮನೆ ಮುಂಡರಗಿಗೆ ಬಂದರೂ ಪ್ರೆಸ್ಸು ಗದಗಿನಲ್ಲೇ ಇತ್ತಲ್ಲ! ಅಪ್ಪ ನಸುಕಿನ ಐದೂವರೆಯ ಬಸ್ಸಿಗೆ ಹೋಗಬೇಕು. ಓವರ್‌ಟೈಮ್ ಮುಗಿಸಿ ಕಡೆಯ ಬಸ್ಸಿಗೆ ಬರಬೇಕು. ಹೋಗುವಾಗಲೂ ವಿದ್ಯಾ ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ. ಬೆಟಗೇರಿಯಲ್ಲಿ ಹೀಗಿರಲಿಲ್ಲ. ಅಪ್ಪ ಸೈಕಲ್ ಮೇಲೆ ಶಾಲೆಗೆ ಬಿಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದ. ಸಂಜೆ ಅವಳ ಹರಿದ ನೋಟ್‌ಬುಕ್ಕಿಗೆಲ್ಲ ಹೊಸ ಹೊಲಿಗೆ ಹಾಕಿ ಕೊಡುತ್ತಿದ್ದ.

ಮೊದಮೊದಲು ಐತವಾರದ ರಜೆಯಾದರೂ ಇತ್ತು. ದಸರಾ ಮುಗಿದು ಪ್ರೆಸ್ಸಿನಲ್ಲಿ ಹೊಸ ವರ್ಷದ ಕ್ಯಾಲೆಂಡರ್ ಕೆಲಸ ಶುರುವಾಯಿತು ನೋಡಿ, ಐತವಾರವೂ ಹೋಯಿತು. ಒಂದೇ ಮನೆ, ಒಂದೇ ಖೋಲಿ. ಆದರೂ ಅಪ್ಪನ ಮುಖ ನೋಡಿ ಇಪ್ಪತ್ತೆರಡು ದಿನ ಆಗಿತ್ತು. ವಿದ್ಯಾ ಎಣಿಸಿದ್ದಳು.

ಅಪ್ಪನ ಬದಲು ಬರುತ್ತಿದ್ದದ್ದು ಡಬ್ಬಿ. ಮನೆಯಲ್ಲಿ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದು ಬಸ್ಸಿನಲ್ಲಿ ಹೋದರೆ, ಇನ್ನೊಂದು ಮನೆಯಲ್ಲಿರುತ್ತಿತ್ತು. ಖಾಲಿ ಡಬ್ಬಿ ಯಾರಿಗೂ ಹೊಳ್ಳಿ ಕೊಡಬಾರದು ಅನ್ನುವುದು ಅವ್ವನ ಪದ್ಧತಿ. ನೆರೆಮನೆಯ ಡಬ್ಬಿ ಕೊಡುವಾಗ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡುತ್ತಾಳೆ. ಅಪ್ಪನೂ ಹಾಗೇ ಮಾಡುತ್ತಿದ್ದ. ಬೆಳಿಗ್ಗೆ ಎದ್ದು ಅಡುಗೆಮನೆಯ ಹಲಗೆಯ ಮೇಲಿನ ಡಬ್ಬಿ ತೆಗೆದರೆ ಒಳಗೆ ಏನಾದರೂ ಇರುತ್ತಿತ್ತು. ಒಂದು ಪೆಪ್ಪರಮೆಂಟು, ಬಣ್ಣದ ಕಾಗದದ ಚೂರು, ಹೆಬ್ಬೆರಳಿನಷ್ಟು ಪುಟ್ಟ ನೋಟ್‌ಬುಕ್ಕು. ಹೋದ ವಾರ ಹೊಸ ವರ್ಷದ ಪಾಕೆಟ್ ಕ್ಯಾಲೆಂಡರ್ ಇತ್ತು. ಅದರಲ್ಲಿ ಐತವಾರಗಳೆಲ್ಲ ಕೆಂಪು.

ಕೆಂಪು ಅಂಕಿ ಅಂದರೆ ಸೂಟಿ ಅಂತ ಅಪ್ಪನೇ ಕಲಿಸಿದ್ದ. ಈಗ ಆ ಕೆಂಪು ಅಂಕಿಯ ಕ್ಯಾಲೆಂಡರ್ ಮಾಡುವುದಕ್ಕೇ ಅಪ್ಪ ಐತವಾರವೂ ಕೆಲಸಕ್ಕೆ ಹೋಗುತ್ತಿದ್ದ. ಇದೆಲ್ಲಿಯ ನ್ಯಾಯ?

ವಿದ್ಯಾ ಬುತ್ತಿಯಲ್ಲಿ ಚೀಟಿ ಇಟ್ಟಳು. “ಅಪ್ಪಾ, ಈ ಐತವಾರ ಮನ್ಯಾಗ ಇರು.” ಡಬ್ಬಿಯಲ್ಲಿ ಉತ್ತರ ಬಂತು. “ಮುಂದಿನ ಐತವಾರ ಖರೆ.” ಎರಡನೇ ಚೀಟಿಗೂ ಅದೇ ಉತ್ತರ. ಮೂರನೇ ಚೀಟಿಗೂ ಅದೇ. ಆಗ ಅವಳಿಗೆ ರೇಗಿ ಹೋಯಿತು.

ಅವಳೇ ಒಂದು ಪ್ಲಾನ್ ಮಾಡಿದಳು. ಬುತ್ತಿ ಹೋಗದಿದ್ದರೆ ಅಪ್ಪನಿಗೆ ಹಸಿವಾಗುತ್ತದೆ. ಹಸಿವಾದರೆ ಬೆಟಗೇರಿಯ ಮನೆ ನೆನಪಾಗುತ್ತದೆ. ‘ಮನಿ ಇಷ್ಟು ದೂರ ಇರಬಾರದಪ್ಪಾ, ಸಾಕು’ ಅಂತ ಅಪ್ಪ ಎಲ್ಲರನ್ನೂ ಮತ್ತೆ ಅಲ್ಲಿಗೇ ಕರೆದುಕೊಂಡು ಹೋಗುತ್ತಾನೆ. ಬಾಡಿಗೆ ಮನೆಯಾದರೆ ಆಗಲಿ. ಮೊಳೆ ಹೊಡೆಯದಿದ್ದರೆ ಜೀವವೇನೂ ಹೋಗುವುದಿಲ್ಲ.

ಮಧ್ಯಾಹ್ನ ಶಾಲೆಯಲ್ಲಿ ಎಲ್ಲರೂ ಬಿಸಿಯೂಟಕ್ಕೆ ಸಾಲು ನಿಂತರು. ವಿದ್ಯಾ ಬೇವಿನ ಮರದ ಹಿಂದೆ ಹೋಗಿ ಗಂಟು ಬಿಚ್ಚಿದಳು. ಮೂರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಒಂದು ಉಳ್ಳಾಗಡ್ಡಿ. ಪುಂಡಿಪಲ್ಯ ಅಂದರೆ ಅಪ್ಪನಿಗೆ ಪಂಚಪ್ರಾಣ.

“ಏ ವಿದ್ಯಾ, ಇದು ದೊಡ್ಡವ್ರ ಡಬ್ಬಿ ಅಲ್ಲೇನ?” ಅವಳ ಕ್ಲಾಸಿನ ಮೊಹಸಿನ ಹಿಂದೆ ಬಂದು ನಿಂತಿದ್ದ. ಈ ಹುಡುಗನಿಗೆ ಊಟದ ವಾಸನೆ ಅರ್ಧ ಮೈಲಿ ದೂರದಿಂದ ಬಡಿಯುತ್ತದೆ.

“ನಮ್ಮಪ್ಪಂದು.”

“ಮತ್ತ ನಿಮ್ಮಪ್ಪ ಏನ ಉಣ್ತಾರ?”

“ಹೊಟೆಲ್‌ನ್ಯಾಗ ಉಣ್ತಾನ.”

“ಹೊಟೆಲ್‌ನ್ಯಾಗ ಉಣ್ಣೂದಿದ್ರ ನಿಮ್ಮವ್ವ ಬುತ್ತಿ ಯಾಕ ಕಟ್ಟಿದ್ಲು?”

ವಿದ್ಯಾ ಒಂದು ತುತ್ತು ಮುರಿದು ಬಾಯಿಗಿಟ್ಟಳು. ಅಗಿದಳು, ಅಗಿದಳು, ಒಳಗೆ ಇಳಿಯಲೇ ಇಲ್ಲ. ಡಬ್ಬಿಯನ್ನು ಮೊಹಸಿನನ ಕೈಗಿಟ್ಟಳು. “ನೀನ ತಿನ್ನು. ಕೆಡಸಬ್ಯಾಡ.” ಅವನು ಗೆಳೆಯರನ್ನು ಕರೆದು, ಹಂಚಿಕೊಂಡು, ಡಬ್ಬಿ ನೆಕ್ಕಿದ ಹಾಗೆ ಖಾಲಿ ಮಾಡಿದ. ವಿದ್ಯಾ ಅದನ್ನು ನಳದಲ್ಲಿ ತೊಳೆದು ಬ್ಯಾಗಿನ ತಳಕ್ಕೆ ತುರುಕಿದಳು.

ಮರುದಿನ ಬೆಳಿಗ್ಗೆ ಎದ್ದವಳೇ ಹಲಗೆ ನೋಡಿದಳು. ಡಬ್ಬಿ ಇರಲಿಲ್ಲ. ಎಲ್ಲಿಂದ ಬರಬೇಕು, ಅದು ಅವಳ ಬ್ಯಾಗಿನಲ್ಲೇ ಇತ್ತು. ಆದರೆ ಡಬ್ಬಿ ಇಡುವ ಜಾಗದಲ್ಲಿ ಒಂದು ಪೆಪ್ಪರಮೆಂಟು ಒಂದೇ ಕೂತಿತ್ತು.

“ನಿಮ್ಮಪ್ಪ ನಿನ್ನಿ ಡಬ್ಬಿ ಪ್ರೆಸ್ಸಿನ್ಯಾಗ ಮರತ ಬಂದಾರಂತ,” ಅವ್ವ ರೊಟ್ಟಿ ಬಡಿಯುತ್ತಾ ಅಂದಳು. “ಇಂಥಾ ಮರಗುಳಿ ಮನಷ್ಯಾನ್ನ ನಾ ಎಲ್ಲೂ ನೋಡಿಲ್ಲ ಬಿಡವಾ. ಪುಂಡಿಪಲ್ಯ ಹೆಂಗಾಗಿತ್ರಿ ಅಂತ ಕೇಳಿದ್ನಿ. ‘ಏ, ಬೆರಳು ಚೀಪಿದೆ’ ಅಂದ್ರು.”

ಅಪ್ಪ ಸುಳ್ಳು ಹೇಳಿದ್ದಾನೆ! ಉಣ್ಣದೆಯೇ ಉಂಡೆ ಅಂದಿದ್ದಾನೆ. ಬುತ್ತಿ ಬರಲಿಲ್ಲ ಅಂದಿದ್ದರೆ ಅವ್ವ ಯಾರಿಗೆ ಬೈಯುತ್ತಿದ್ದಳು ಅಂತ ಅವನಿಗೆ ಗೊತ್ತಿತ್ತು.

ಅವತ್ತು ಅವಳು ಬಸ್ ಸ್ಟ್ಯಾಂಡಿಗೆ ಓಡುತ್ತಲೇ ಹೋದಳು. ಬಸ್ಸು ಇನ್ನೂ ನಿಂತಿತ್ತು. ತಿರಕಪ್ಪ ಬಾಗಿಲಿಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ. ಇವತ್ತು ‘ಕಲೆಕ್ಟರ್ ಬಾಯಿ’ ಅನ್ನಲಿಲ್ಲ.

“ನಿನ್ನಿ ನಿಮ್ಮಪ್ಪ ಗದಗ ಸ್ಟ್ಯಾಂಡಿನ್ಯಾಗ ನಿಂತಿದ್ದ,” ಅಂದ. “ದಿನಾ ಹಂಗ ಅಲ್ಲೇನ, ಚಾ ಕುಡಿಯಾಕ ಬಿಟ್ಟಾಗ ಓಡಿ ಬರತಾನ. ‘ಮಗಳು ಬಂದಿದ್ಲು, ಬುತ್ತಿ ಇಲ್ಲ ಅಂದ್ಲು’ ಅಂತ ಹೇಳಿದೆ. ಸಿಟ್ಟಾಗ್ತಾನ ಅಂತ ಮಾಡಿದ್ನಿ.”

“ಅಪ್ಪ ಏನಂದನ್ರಿ?”

“ಇಂಜಿನ್ ಪೆಟಗಿ ಮ್ಯಾಲ ಒಮ್ಮೆ ಹಣಿಕಿ ನೋಡಿದ. ಆಮ್ಯಾಲೆ, ‘ನನ್ನ ಮ್ಯಾಲ ಸಿಟ್ಟಾಗ್ಯಾಳ್ರಿ. ಆಗೂದ ಖರೆ ಐತಿ ಬಿಡ್ರಿ’ ಅಂದ. ಅಂದ್ರೂ ಹೋಗಲಿಲ್ಲ ನೋಡು. ಹಿಂದ ಬರೂ ಬಸ್ಸಿಗೆ ಕಳಿಸಿದ್ರೂ ಕಳಸ್ತಾಳ ಅಂತ ಅಲ್ಲೇ ನಿಂತ. ನಾವು ನಾಷ್ಟಾ ಮಾಡಿ ಹೊಳ್ಳಿ ಹೊಂಟ್ವಿ, ಆಗೂ ನಿಂತಿದ್ದ.”

ವಿದ್ಯಾಳಿಗೆ ಬಸ್ಸು, ಸ್ಟ್ಯಾಂಡು ಎಲ್ಲ ಮಂಜು ಮಂಜಾಗಿ ಕಂಡಿತು. ಕೆಂಪು ಚೌಕಳಿ ಗಂಟನ್ನು ತಿರಕಪ್ಪನಿಗೆ ಕೊಟ್ಟಳು. ಬ್ಯಾಗು ಕೆಳಗಿಟ್ಟು, ತಳದಿಂದ ಆ ಇನ್ನೊಂದು ಡಬ್ಬಿಯನ್ನು ಹೊರಗೆ ತೆಗೆದಳು. ತಿರಕಪ್ಪ ಅದನ್ನು ನೋಡಿದ. ಅವಳನ್ನೂ ನೋಡಿದ.

ಖಾಲಿ ಡಬ್ಬಿ ಕೊಡಬಾರದು. ವಿದ್ಯಾ ನೋಟ್‌ಬುಕ್ಕಿನ ಹಾಳೆ ಹರಿದು, ಮೊಣಕಾಲ ಮೇಲೆ ಇಟ್ಟುಕೊಂಡು ‘ಅಪ್ಪಾ, ತಪ್ಪಾತು’ ಅಂತ ಬರೆದಳು. ಬೆಳಗಿನ ಪೆಪ್ಪರಮೆಂಟನ್ನು ಅದರಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು.

ಡ್ರೈವರ್ ಬೀರಲಿಂಗಪ್ಪ ಹಾರ್ನ್ ಹೊಡೆದ. “ಏ, ಒಂದ ನಿಮಿಷ ತಡಿಯೋ ಮಾರಾಯಾ! ಗಾಡಿಗೆ ಬೆಂಕಿ ಬಿದ್ದೈತೇನು?” ತಿರಕಪ್ಪ ಅವನ ಮೇಲೆ ರೇಗಿದ.

“ಇವತ್ತ ಎರಡು ಡಬ್ಬಿ ಅದಾವ್ರಿ,” ಅಂದಳು ವಿದ್ಯಾ.

“ಎರಡೂ ಮುಟ್ಟಸ್ತೇನವಾ. ನೀ ಸಾಲಿಗೆ ನಡಿ.”

ಆ ಸಂಜೆ ಅವ್ವ ಅಡುಗೆಮನೆಯಲ್ಲಿ ಕೂತು ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ವಿದ್ಯಾ ಎದುರಿಗೆ ಕೂತಳು. ಅಪ್ಪ ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತದ್ದು ತಲೆಯಿಂದ ಹೋಗುತ್ತಿರಲಿಲ್ಲ.

“ಅವ್ವಾ, ನೀ ಜಲ್ದಿ ಎದ್ದು ರೊಟ್ಟಿ ಮಾಡಿದ್ರ ಆಗಂಗಿಲ್ಲೇನ? ಅಪ್ಪ ಬುತ್ತಿ ತಾನ ಒಯ್ತಿದ್ದ. ಬಸ್ಸಿಗೆ ಕಳಸೂದೂ ಬ್ಯಾಡ, ಕಾಯೂದೂ ಬ್ಯಾಡ.”

ಅವ್ವನ ಜರಡಿ ನಿಂತಿತು. “ನಾ ಏನ ಮೈಗಳ್ಳಿ ಅಂತ ಮಾಡಿಯೇನ? ಇಲ್ಲಿಗೆ ಬಂದ ಮೊದಲನೇ ಸೋಮವಾರ ನಾಕಕ್ಕ ಎದ್ದು ರೊಟ್ಟಿ ಬಡಿಯಾಕ ಕುಂತಿದ್ನಿ. ಎರಡು ರೊಟ್ಟಿ ಆಗಿರಲಿಲ್ಲ, ಆ ಪಟಪಟ ಸಪ್ಪಳಕ್ಕ ನೀ ಎದ್ದು ಕುಂತಿ. ಮತ್ತ ನಿದ್ದಿನ ಹತ್ತಲಿಲ್ಲ. ಅವತ್ತ ಸಾಲ್ಯಾಗ ತೂಕಡಿಸಿ ಟೀಚರ್ ಕಡೆ ಬೈಸಿಕೊಂಡ ಬಂದಿದ್ದಿ, ನೆನಪಿಲ್ಲ?”

ನೆನಪಿತ್ತು.

“ಅವತ್ತ ರಾತ್ರಿ ನಿಮ್ಮಪ್ಪ ಖಡಕ್ ಹೇಳಿಬಿಟ್ರು. ‘ಒಂದ ಖೋಲಿ ಮನಿ. ಕೂಸು ಎದ್ದ ಮ್ಯಾಲ ರೊಟ್ಟಿ ಬಡಿ, ಬಸ್ಸಿಗೆ ಕಳಸು. ಮನಿ ಸಲುವಾಗಿ ಕೂಸಿನ ಗೆಳತ್ಯಾರ್ನ ಬಿಡಿಸೇನಿ, ಹಳೇ ಸಾಲಿ ಬಿಡಿಸೇನಿ. ನಿದ್ದಿಯರ ಇರಲಿ ಅದಕ್ಕ’ ಅಂದ್ರು.”

ಅವ್ವ ಮತ್ತೆ ಜರಡಿ ಆಡಿಸತೊಡಗಿದಳು. ವಿದ್ಯಾ ಕೆಳಗೆ ಬಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಾ ಕೂತಳು. ಅವಳು ದಿನಾ ಏಳುವವರೆಗೂ ಮನೆ ಯಾಕೆ ಅಷ್ಟು ತಣ್ಣಗೆ, ಸಪ್ಪಳವಿಲ್ಲದೆ ಇರುತ್ತದೆ ಅಂತ ಇಷ್ಟು ದಿನ ಯೋಚಿಸಿರಲೇ ಇಲ್ಲ.

ನಾಳೆ ಏನೇ ಆಗಲಿ ಏಳಬೇಕು ಅಂದುಕೊಂಡಳು. ಎದ್ದು ಅಪ್ಪನನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಏಳು ಗುಟುಕು ನೀರು ಕುಡಿದು ಮಲಗಿದಳು. ಹಾಗೆ ಕುಡಿದರೆ ನಸುಕಿನಲ್ಲಿ ಎಚ್ಚರವಾಗುತ್ತದೆ ಅಂತ ಮೊಹಸಿನ ಹೇಳಿಕೊಟ್ಟಿದ್ದ.

ಎಚ್ಚರವಾಯಿತು.

ಹೊರಗೆ ಇನ್ನೂ ಕತ್ತಲೆ. ಕಿಟಕಿಯಿಂದ ಬೀದಿ ದೀಪದ ಬೆಳಕು ಒಂದು ಗೇಣಿನಷ್ಟು ಒಳಗೆ ಬಿದ್ದಿತ್ತು. ಬಚ್ಚಲಲ್ಲಿ ನೀರು ಬೀಳುವ ಸಪ್ಪಳ ಬಹಳ ಸಣ್ಣಗೆ ಕೇಳಿಸುತ್ತಿತ್ತು. ಯಾರೋ ತಂಬಿಗೆಯನ್ನು ಮೈಗೆ ತಾಗಿಸಿ ಮೆಲ್ಲಗೆ ನೀರು ಸುರಿದುಕೊಳ್ಳುತ್ತಿದ್ದಾರೆ.

ಅಪ್ಪ ಹೊರಗೆ ಬಂದ. ಲೈಟು ಹಾಕಲಿಲ್ಲ. ಗೋಡೆ ತಡವಿ ಅಂಗಿ ತೆಗೆದುಕೊಂಡ. ಅಂಗಿ ಇದ್ದದ್ದು ಅವಳು ಹೊಡೆದ ಮೊಳೆಯ ಮೇಲೆ. ಟವೆಲ್ಲು ಇನ್ನೊಂದು ಮೊಳೆಯ ಮೇಲೆ, ಚೀಲ ಮತ್ತೊಂದರ ಮೇಲೆ. ಯಾತಕ್ಕೂ ಅಲ್ಲದೆ ಹೊಡೆದ ಐದೂ ಮೊಳೆಗಳು ಅಪ್ಪನಿಗೆ ಕತ್ತಲಲ್ಲೂ ಗೊತ್ತಿದ್ದವು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಬಾಗಿಲ ಕಡೆ ನಡೆದ. ಬಡಕಲಾಗಿದ್ದ. ಬಾಗಿಲ ಹತ್ತಿರ ಹೋದವನು ಏನೋ ನೆನಪಾಗಿ ತಿರುಗಿ ಬಂದ.

ಬಗ್ಗಿ ವಿದ್ಯಾಳ ಕಾಲ ಮೇಲೆ ಕೌದಿ ಹೊದಿಸಿದ. ಅವನ ಕೈಯಿಂದ ಬೈಂಡಿಂಗ್ ಅಂಟಿನ ವಾಸನೆ ಬಂತು.

‘ಅಪ್ಪಾ’ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಒಂದು ಸಲ ಕರೆದರೆ ಸಾಕು, ಅಪ್ಪ ಅಲ್ಲೇ ಕೂತುಬಿಡುತ್ತಾನೆ. ಇಪ್ಪತ್ನಾಲ್ಕು ದಿನದಿಂದ ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ತಂಬಿಗೆ ಸಪ್ಪಳ ಮಾಡದೆ, ಲೈಟು ಹಾಕದೆ, ಚಪ್ಪಲಿ ಮೆಟ್ಟದೆ ಅಪ್ಪ ಇಷ್ಟು ಮಾಡಿದ್ದೆಲ್ಲ ಯಾತಕ್ಕೆ? ಅವಳು ಎದ್ದರೆ, ‘ಅಯ್ಯ, ಎಚ್ಚರ ಮಾಡಿದ್ನಲ್ಲಾ’ ಅಂತ ಬಸ್ಸಿನಲ್ಲಿ ಗದಗಿನವರೆಗೂ ಅದೇ ಯೋಚನೆ ಮಾಡುತ್ತಾನೆ.

ವಿದ್ಯಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ನಿದ್ದೆ ಮಾಡುವವರ ಹಾಗೆ ಉದ್ದುದ್ದ ಉಸಿರು ಬಿಟ್ಟಳು.

ಅಪ್ಪ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಬಾಗಿಲು ಮೆ-ಲ್ಲ-ಗೆ ಮುಚ್ಚಿತು. ಹೊಸ್ತಿಲಾಚೆ ಚಪ್ಪಲಿ ಮೆಟ್ಟಿದ ಸಪ್ಪಳ ಬಂತು, ಹೆಜ್ಜೆ ದೂರವಾಯಿತು. ವಿದ್ಯಾ ಕೌದಿಯನ್ನು ಬಾಯಿಗೆ ತುರುಕಿಕೊಂಡು, ಅವ್ವನಿಗೆ ಎಚ್ಚರವಾಗದ ಹಾಗೆ ಅತ್ತಳು.

ಬೆಳಕಾದ ಮೇಲೆ ನೋಡಿದರೆ ಹಲಗೆಯ ಮೇಲೆ ಎರಡೂ ಡಬ್ಬಿ ಇದ್ದವು. ಒಂದರಲ್ಲಿ ಅವಳೇ ಕಳಿಸಿದ್ದ ಪೆಪ್ಪರಮೆಂಟಿನ ಅರ್ಧ ಇತ್ತು. ಇನ್ನರ್ಧ ಅಪ್ಪ ತಿಂದಿದ್ದ. ಇನ್ನೊಂದರಲ್ಲಿ ಕ್ಯಾಲೆಂಡರ್ ಕಾಗದದ ಚೂರಿನ ಮೇಲೆ ಚೀಟಿ.

‘ವಿದ್ಯವ್ವಾ, ಎರಡೂ ಡಬ್ಬಿ ಮುಟ್ಟಿದವು. ಈ ಐತವಾರನೂ ಪ್ರೆಸ್ ಐತಿ. ಸಿಟ್ಟು ಬಂದ್ರ ಬರಲಿ, ಊಟ ಬಿಡಬ್ಯಾಡ. ಹೊಸ ಮನ್ಯಾಗ ನಿದ್ದಿ ಚಲೋ ಹತ್ತತೈತಿಲ್ಲೋ?’

ಎಂಟೂಕಾಲರ ಬಸ್ಸಿಗೆ ಅವತ್ತು ವಿದ್ಯಾ ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದಳು. ತಿರಕಪ್ಪ ಗಂಟು ತೆಗೆದುಕೊಂಡು ಇಂಜಿನ್ ಪೆಟ್ಟಿಗೆಯ ಮೇಲೆ, ಬೀಳದ ಹಾಗೆ ಒಳಗೆ ಸರಿಸಿ ಇಟ್ಟ.

“ಯಾಕವಾ, ಕಣ್ಣೆಲ್ಲಾ ಕೆಂಪಗಾಗ್ಯಾವು?” ಅಂದ. ಅವಳು ತಲೆ ತಗ್ಗಿಸಿದಳು. “ಆತು ಬಿಡು. ಅಪ್ಪಗ ಏನರ ಹೇಳೂದೈತೇನು?”

ವಿದ್ಯಾ ಅಂಗೈಯಿಂದ ಕಣ್ಣೊರೆಸಿಕೊಂಡಳು.

“ನಾ ಚಲೋ ಮಲಗಿದ್ದೆ ಅಂತ ಹೇಳ್ರಿ,” ಅಂದಳು. “ಬೆಳಗಾಗೂತನಾ ಎಚ್ಚರನ ಆಗಲಿಲ್ಲ ಅಂತ ಹೇಳ್ರಿ.”